ರಿಪೋರ್ಟಿನ 'ಎಲ್' ಮತ್ತು ಅವ್ವನ ಉದ್ರಿ ಪುಸ್ತಕ

1/9

ಈ ಫೋಟೋ ನೋಡಿ "ಇದ್ಯಾವ ಹಳೇ ನೋಟ್‌ಬುಕ್ ಹಾಕ್ಯಾಳಪ್ಪ" ಅನ್ಕೋಬ್ಯಾಡ್ರಿ. ಇದು ದೇವದುರ್ಗದಾಗಿರೋ ನಮ್ಮ ಸಣ್ಣ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ. ಗಿರಾಕಿಗಳ ಹೆಸರಿನ ಮ್ಯಾಲೆ ಬೆರಳಿಟ್ಟೀನಿ, ಅದು ಬ್ಯಾಡ ನಿಮಗ. ಅಕ್ಷರ ಅಷ್ಟೇ ನೋಡ್ರಿ.

ಬರೆದಾಕಿ ನಮ್ಮವ್ವ. ಏಳನೇ ಕ್ಲಾಸ್ ತನಕ ಓದ್ಯಾಳ, ಆದ್ರ ಅಕ್ಷರ ಮುತ್ತು ಪೋಣಿಸಿದಂಗ. ನಾನು ರಾಯಚೂರಿಗೆ ಬಂದು ಬಿಕಾಂ ಸೇರಿದಾಗ ಓಣಿ ತುಂಬ "ನನ್ನ ಮಗಳು ಈಗ ದೊಡ್ಡ ಉದ್ರಿ ಪುಸ್ತಕ ಬರಿಯೋದು ಕಲಿಯಾಕತ್ಯಾಳ" ಅಂತ ಹೇಳ್ಕೊಂಡು ಬಂದಿದ್ಲು.

ಈಗ ಸ್ವೈಪ್ ಮಾಡ್ರಿ. ಎರಡನೇ ಪುಟಾನೂ ಅದೇ ಕೈ, ಅದೇ ಪೆನ್ನು. ನಡುವೆ ಮೂರು ವಾರ ಅಷ್ಟೇ. ಸಾಲು ಕೆಳಗ ಜಾರ್ಯಾವ. ಸಕ್ಕರಿ ಅನ್ನೋದ್ರಾಗ ಒತ್ತಕ್ಷರ ಬಿಟ್ಟೈತಿ. ಒಂದು ಕಡೆ 45 ಅಂತ ಬರೆದು ಅದರ ಮ್ಯಾಲೆ 54 ತಿದ್ಯಾಳ, ಮತ್ತ 45 ತಿದ್ಯಾಳ.

ಈ ಎರಡು ಪುಟದ ನಡುವೆ ಏನಾಯ್ತು ಅಂತ ಒಂಬತ್ತು ಪೋಸ್ಟಿನಾಗ ಹೇಳ್ತೀನಿ. ಲಿವರ್ ಮತ್ತು ಥೈರಾಯ್ಡ್ ಬಗ್ಗೆ ಇರೋ ವಿಷಯ, ಸ್ವಲ್ಪ ಉದ್ದ ಆಗ್ತದ. ನಿಮ್ಮ ಮನ್ಯಾಗ ಯಾರಿಗಾದ್ರೂ ಲಿವರ್ ತೊಂದರೆ ಇದ್ರ, ಅವರ ರಿಪೋರ್ಟ್ ಓದೋರು ನೀವೇ ಆಗಿದ್ರ, ಪೂರ್ತಿ ಓದ್ರಿ. ಇದರಾಗ ತಪ್ಪು ಮಾಡಿದಾಕಿ ನಾನು. ಅದನ್ನ ಮೊದಲಾ ಹೇಳಿಬಿಡ್ತೀನಿ.

2/9

ಹೋದ ವರ್ಷ ಬ್ಯಾಸಿಗ್ಯಾಗ ಅವ್ವನ ಕಾಲಿಗೆ ಬಾವು ಬಂತು. ದಿನಾ ನಿಂತು ನಿಂತು ಬಂದಿರಬೇಕು ಅಂದ್ಕೊಂಡ್ವಿ. ಆಮ್ಯಾಲೆ ಹೊಟ್ಟಿ ಉಬ್ಬಿತು. ರಾಯಚೂರಿಗೆ ಕರ್ಕೊಂಡು ಬಂದು ಸ್ಕ್ಯಾನ್ ಮಾಡ್ಸಿದ್ವಿ. ಲಿವರ್ ಸಿರೋಸಿಸ್, ಹೊಟ್ಯಾಗ ನೀರು. ಲಿವರಿನ ಮೆತ್ತನೆ ಮಾಂಸದ ಜಾಗಾದಾಗ ಗಾಯ ಒಣಗಿದ ಕಲಿಯಂಥ ನಾರು ಬೆಳೆದು, ಲಿವರ್ ಗಂಟುಗಂಟಾಗಿ ಗಟ್ಟಿಯಾಗೋದಕ್ಕ ಸಿರೋಸಿಸ್ ಅಂತಾರ.

ಅವತ್ತಿಂದ ನಮಗ ರೋಗಕ್ಕಿಂತ ದೊಡ್ಡ ಕಾಟ ಒಂದು ಶುರುವಾಯ್ತು. ಲಿವರ್ ಅಂದ ಕೂಡ್ಲೆ ಎಲ್ಲಾರದೂ ಒಂದೇ ಪ್ರಶ್ನೆ: "ಮನ್ಯಾಗ ಯಾರು ಕುಡೀತಾರ?" ಅಪ್ಪ ಬೀಡಿನೂ ಸೇದಂಗಿಲ್ಲ. ಕುಡಿದವರು ಅಂಗಡಿ ಮುಂದ ಬಂದು ನಿಂತ್ರ ಅವ್ವ ಸೆರಗು ಮೂಗಿಗೆ ಹಿಡಿಯೋಳು. ಆದ್ರೂ ಒಬ್ಬರು ಹಿರಿಯರು ಬಂದು ಅಪ್ಪನ ಹೆಗಲ ಮ್ಯಾಲೆ ಕೈ ಹಾಕಿ "ಇನ್ನಾದ್ರೂ ಬಿಡಪಾ" ಅಂದು ಹೋದ್ರು.

ಅವ್ವಗ ಒಂಬತ್ತು ವರ್ಷದಿಂದ ಸಕ್ಕರಿ ಕಾಯಿಲೆ. ಕುಡಿಯದೇ ಇರೋರಿಗೂ, ಅದರಾಗೂ ಸಕ್ಕರಿ ಕಾಯಿಲೆ ಮತ್ತು ಮೈತೂಕ ಇರೋರಿಗೆ, ಲಿವರಿನಾಗ ಕೊಬ್ಬು ತುಂಬಿ, ಉರಿಯೂತ ಬಂದು, ವರ್ಷಗಟ್ಟಲೆ ಆದ್ಮ್ಯಾಲೆ ಸಿರೋಸಿಸ್ ಆಗಬಹುದು. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ನಿಂದ ಆಗ್ತದ. ದೇಹದ ರಕ್ಷಣಾ ವ್ಯವಸ್ಥೆ ತನ್ನ ಲಿವರನ್ನೇ ಹೊಡಿಯೋದರಿಂದ ಆಗ್ತದ. ಕುಡಿತದಿಂದಾನೂ ಆಗ್ತದ, ಅದೂ ಖರೇನೆ. ಅವ್ವನ ಬಿ, ಸಿ ಎರಡೂ ನೆಗೆಟಿವ್ ಬಂತು. ಆ ವೈರಸ್‌ಗಳ ಪರೀಕ್ಷೆ ಮತ್ತು ಚಿಕಿತ್ಸೆ ಪುಕ್ಕಟೆ ಕೊಡೋ ರಾಷ್ಟ್ರೀಯ ಕಾರ್ಯಕ್ರಮ 2018ರ ಜುಲೈ 28ಕ್ಕ, ವಿಶ್ವ ಹೆಪಟೈಟಿಸ್ ದಿನದಂದು, ಶುರುವಾಗೈತಿ. ನಿಮಗ ಗೊತ್ತಿರಲಿ.

ಆದ್ರ ಇಷ್ಟೆಲ್ಲಾ ವಿವರ ಓಣ್ಯಾಗ ಯಾರಿಗೆ ಹೇಳ್ತೀರಿ? ಅವ್ವ ಎಲ್ಲಾರಿಗೂ "ಗ್ಯಾಸ್ ಟ್ರಬಲ್" ಅಂತ ಹೇಳಿ ಬಿಟ್ಲು. ಈ ಮಾತು ನೆನಪಿಟ್ಕೊಳ್ರಿ, ಮುಂದ ಬೇಕಾಗ್ತದ.

3/9

ದೀಪಾವಳಿ ಮುಂದ ಅವ್ವಗ ಸುಸ್ತು ಜಾಸ್ತಿ ಆಯ್ತು. ಮುಖ ಉಬ್ಬಿದಂಗ, ಮೈ ತಣ್ಣಗ, ಕೂದಲು ಉದುರೋದು, ಮೋಶನ್ ಸರಿ ಆಗಂಗಿಲ್ಲ, ಕುಂತಲ್ಲೇ ತೂಕಡಿಕೆ. ಡಾಕ್ಟರ್ ಕಡೆ ಹೋಗೋ ತಾರೀಖು ಇನ್ನೂ ಮೂರು ವಾರ ದೂರ ಇತ್ತು. ಅಷ್ಟರಾಗ ಒಂದು ಲ್ಯಾಬಿನ "ಫುಲ್ ಬಾಡಿ ಚೆಕಪ್" ಆಫರ್ ಬಂತು. ಮನಿಗೇ ಬಂದು ರಕ್ತ ತಗೊಂಡು ಹೋಗ್ತಾರ ಅಂತ ಅಪ್ಪ ಮಾಡ್ಸಿದ.

ರಿಪೋರ್ಟ್ ನನ್ನ ವಾಟ್ಸಾಪಿಗೆ ಬಂದಾಗ ನಾನು ಕಾಸ್ಟ್ ಅಕೌಂಟಿಂಗ್ ಕ್ಲಾಸಿನಾಗ ಹಿಂದಿನ ಬೆಂಚಿನ್ಯಾಗಿದ್ದೆ. ಹನ್ನೆರಡು ಪುಟ. ನಾನು ಹುಡುಕಿದ್ದು ಮಿತಿಯ ಹೊರಗಿರೋ ಅಂಕಿಗಳ ಮುಂದ ಲ್ಯಾಬಿನವರು ಹಾಕೋ 'ಎಚ್', 'ಎಲ್' ಗುರುತು ಮಾತ್ರ. ಲಿವರ್ ಪುಟದಾಗ ಅವು ಇರ್ತಾವ ಅಂತ ಗೊತ್ತಿತ್ತು, ದಾಟಿಸಿ ಮುಂದ ಹೋದೆ. ಥೈರಾಯ್ಡ್ ಪುಟಕ್ಕ ಬಂದು ನಿಂತೆ.

ಟಿ3: 0.52. ಲ್ಯಾಬ್ ಬರೆದ ಮಿತಿ 0.80ರಿಂದ 2.00. ಮುಂದ ಒಂದು 'ಎಲ್'.
ಟಿ4: 4.9. ಮಿತಿ 5.1ರಿಂದ. ಇಲ್ಲೂ 'ಎಲ್'.
ಟಿಎಸ್‌ಎಚ್: 4.6. ಮಿತಿ 4.2ರ ತನಕ. ಇಲ್ಲೊಂದು 'ಎಚ್'.

ಡೆಸ್ಕಿನ ಕೆಳಗ ಫೋನ್ ಇಟ್ಕೊಂಡು ಹತ್ತು ನಿಮಿಷ ಹುಡುಕಿದೆ. ಟಿ3 ಕಮ್ಮಿ, ಟಿ4 ಕಮ್ಮಿ, ಟಿಎಸ್‌ಎಚ್ ಜಾಸ್ತಿ ಅಂದ್ರ ಹೈಪೋಥೈರಾಯ್ಡ್. ಲಕ್ಷಣ ಏನಪ್ಪಾ ಅಂದ್ರ ಸುಸ್ತು, ಮುಖ ಉಬ್ಬೋದು, ಮಲಬದ್ಧತೆ, ಚಳಿ, ಕೂದಲು ಉದುರೋದು, ನಿದ್ದಿ. ಒಂದೂ ಬಿಡದಂಗ ಎಲ್ಲಾ ಹೊಂದಿತು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದಷ್ಟು ಖುಷಿ ಆಯ್ತು ನನಗ.

ಬಿಡುವಿನಾಗ ಮನಿಗೆ ಫೋನ್ ಮಾಡಿ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ಲು: "ಹಂಗಾರ ಲಿವರ್ ಅಲ್ಲೇನು ಯವ್ವಾ?"

ಎಷ್ಟು ತಿಂಗಳ ಮ್ಯಾಲೆ ಆಕಿ ದನಿ ಹಗುರ ಆಗಿತ್ತು ಅಂದ್ರ, ಇಲ್ಲ ಅನ್ನಾಕ ಬಾಯಿ ಬರಲಿಲ್ಲ. "ಇರಬಹುದು" ಅಂದೆ.

ಥೈರಾಯ್ಡ್ ಅಂದ್ರ ಯಾರೂ ಏನೂ ಕೇಳಂಗಿಲ್ಲ. ಓಣ್ಯಾಗ ಹತ್ತು ಮಂದಿಗೆ ಐತಿ. ನಮಗೆಲ್ಲಾರಿಗೂ ಅದು ಥೈರಾಯ್ಡೇ ಆಗಿರಬೇಕಿತ್ತು.

4/9

ಈ ಫೋಟೋದಾಗಿರೋದು ಮಾನ್ವಿಯ ನಮ್ಮ ಚಿಗವ್ವನ ಮನಿ ಕಿಟಕಿ. ಆ ಕಿಟಕಿ ಕಟ್ಟಿ ಮ್ಯಾಲೆ ಆರು ವರ್ಷದಿಂದ ಆಕಿ ಥೈರಾಯ್ಡ್ ಗುಳಿಗಿ ಡಬ್ಬಿ ಇರ್ತದ. ಬೆಳಿಗ್ಗೆ ಎದ್ದು ಬರೀ ಹೊಟ್ಯಾಗ ಒಂದು ಗುಳಿಗಿ, ಅರ್ಧ ತಾಸಾದ ಮ್ಯಾಲೆ ಚಹಾ. ಆಕಿಗೆ ಇರೋದು ಖರೇ ಖರೇ ಥೈರಾಯ್ಡ್ ರೋಗ, ಡಾಕ್ಟರ್ ಪರೀಕ್ಷೆ ಮಾಡಿ ಕೊಟ್ಟ ಗುಳಿಗಿ.

ಸುದ್ದಿ ಕೇಳಿ ಚಿಗವ್ವ ಮರುದಿನಾನೇ ಬಸ್ ಹತ್ತಿದ್ಲು. ಹೆಣ್ಮಕ್ಕಳಿಗೆ ಬಸ್ ಪುಕ್ಕಟೆ ಆದಾಗಿಂದ ಅಕ್ಕ-ತಂಗಿ ನಡುವೆ ಹೋಗಿ ಬರೋದು ಜಾಸ್ತಿ ಆಗೈತಿ. ಬ್ಯಾಗಿನಾಗ ಮೆಂತ್ಯೆಪಲ್ಲೆ, ಜೋಳದ ಹಿಟ್ಟು, ಜೊತಿಗೆ ತನ್ನ ಡಬ್ಬಿಯಿಂದ ತೆಗೆದ ಎರಡು ಸ್ಟ್ರಿಪ್ ಗುಳಿಗಿ.

"ಅಕ್ಕಾ, ನನಗೂ ಹಿಂಗೇ ಆಗಿತ್ತು. ನೂರರ ಗುಳಿಗಿ ಇದು. ದಿನಾ ಒಂದು ತಗೋ, ಹದಿನೈದು ದಿನದಾಗ ನೀನೇ ನೋಡ್ತಿ."

ನೂರು ಅಂದ್ರ ನೂರು ಮೈಕ್ರೋಗ್ರಾಂ ಥೈರಾಕ್ಸಿನ್. ಅಪ್ಪ ನನಗ ಫೋನ್ ಮಾಡಿ "ಕೊಡಬಹುದೇನು?" ಅಂತ ಕೇಳಿದ. ಮನ್ಯಾಗ ಹೆಚ್ಚಿಗೆ ಓದಿದಾಕಿ ನಾನೇ ಅಲ್ಲಾ. ರಿಪೋರ್ಟ್ ಓದಿದಾಕಿನೂ ನಾನೇ. "ಡಾಕ್ಟರ್ ಕಡೆ ಹೋಗೋ ತನಕ ಕೊಡ್ರಿ" ಅಂದೆ.

ಚಿಗವ್ವನ ಪ್ರೀತಿಗೆ ನಾನು ತಪ್ಪು ಹೊರಸಂಗಿಲ್ಲ. ಆಕಿ ತನ್ನ ಹತ್ರ ಇದ್ದ ಔಷಧಿನೇ ಹಂಚಿಕೊಂಡ್ಲು. ಎಷ್ಟರ ಮಟ್ಟಿಗೆ ಅಂದ್ರ, ತಾನು ಆ ತಿಂಗಳು ದಿನ ಬಿಟ್ಟು ದಿನ ತಗೊಂಡ್ಲಂತ. ಅದು ನಮಗ ಆಮ್ಯಾಲೆ ಗೊತ್ತಾಯ್ತು.

5/9

ಹನ್ನೊಂದು ದಿನ ಅವ್ವ ಆ ಗುಳಿಗಿ ತಗೊಂಡ್ಲು.

ಅದೇ ಹೊತ್ತಿಗೆ ಇನ್ನೊಂದು ಆಗಿತ್ತು, ಅದನ್ನ ಯಾರೂ ಲೆಕ್ಕಕ್ಕ ಹಿಡಿದಿರಲಿಲ್ಲ. ಲಿವರ್ ಡಾಕ್ಟರ್ ಕೊಟ್ಟಿದ್ದ ಸಿಹಿ ಸಿರಪ್, ಲ್ಯಾಕ್ಟುಲೋಸ್, ಮುಗಿದು ಹೋಗಿತ್ತು. ಅದು ಕುಡಿದ್ರ ದಿನಕ್ಕ ಮೂರು ಸಲ ಓಡಬೇಕು, ಅಂಗಡ್ಯಾಗ ಗಿರಾಕಿ ನಿಂತಿರ್ತಾರ, ನಾಚಿಕಿ ಅಂತ ಅವ್ವ ಹೊಸ ಬಾಟ್ಲಿ ತರಿಸಿರಲಿಲ್ಲ. ಮೋಶನ್ ಆಗದೇ ಇದ್ರ? ಅದು ಥೈರಾಯ್ಡ್‌ದು, ಗುಳಿಗಿ ಶುರು ಮಾಡೀವಲ್ಲ, ಸರಿ ಹೋಗ್ತದ.

ಎಂಟನೇ ದಿನ ಎದಿ ಡವಡವ ಅನ್ನಾಕತ್ತು. ರಾತ್ರಿ ನಿದ್ದಿ ಇಲ್ಲ, ಹಗಲೆಲ್ಲ ತೂಕಡಿಕೆ. ಹತ್ತನೇ ದಿನ ಒಬ್ಬರು ನೂರರ ನೋಟು ಕೊಟ್ಟು ಎಪ್ಪತ್ತು ರೂಪಾಯಿ ಸಾಮಾನು ತಗೊಂಡ್ರ, ಅವ್ವ ನಾಕುನೂರಾ ಮೂವತ್ತು ಚಿಲ್ಲರೆ ಕೊಟ್ಲು. ಅವರು ಒಳ್ಳೆಯವರು, ವಾಪಸ್ ಕೊಟ್ಟು ಅಪ್ಪಗ ಹೇಳಿ ಹೋದ್ರು. ಮೊದಲ ಪೋಸ್ಟಿನ ಎರಡನೇ ಪುಟ ಅವತ್ತಿಂದು.

ಹನ್ನೊಂದನೇ ರಾತ್ರಿ ಅವ್ವ ಎದ್ದು ಕುಂತು "ನಮ್ಮವ್ವ ಎಲ್ಲಿ ಹೋದ್ಲು? ಊಟ ಮಾಡಿದ್ಲೇನು?" ಅಂತ ಕೇಳಿದ್ಲು. ನಮ್ಮ ಅಮ್ಮಮ್ಮ ತೀರಿಕೊಂಡು ಆರು ವರ್ಷ ಆಗೈತಿ.

ಅಪ್ಪ ಬಾಡಿಗಿ ಗಾಡಿ ಮಾಡ್ಕೊಂಡು ಗಬ್ಬೂರು ಮ್ಯಾಲೆ ಹಾದು ಬೆಳಗಿನ ಜಾವಕ್ಕ ರಾಯಚೂರಿಗೆ ಬಂದ. ನಾನು ಹಾಸ್ಟೆಲಿನಿಂದ ಆಟೋದಾಗ ಓಡಿದೆ. ಡಾಕ್ಟರ್ ಅವ್ವಗ ಎರಡೂ ಕೈ ಮುಂದ ಚಾಚಿ, ಅಂಗೈ ಮ್ಯಾಲೆತ್ತಿ ಹಿಡಿಯಾಕ ಹೇಳಿದ್ರು. ಕೈ ಹಕ್ಕಿ ರೆಕ್ಕಿ ಬಡಿದಂಗ ಜರ್ಕ್ ಹೊಡಿತಿದ್ದವು. ಒಂದು ಕಾಗದ ಕೊಟ್ಟು ಹೆಸರು ಬರಿಯಾಕ ಹೇಳಿದ್ರು. ಮುತ್ತಿನಂಥ ಅಕ್ಷರದಾಕಿ ತನ್ನ ಹೆಸರಿನ ಮೊದಲ ಅಕ್ಷರ ಬರೆದು ನಿಂತು ಬಿಟ್ಲು.

"ಮೋಶನ್ ಆಗಿ ಎಷ್ಟು ದಿನ ಆಯ್ತು?"
"ನಾಕು," ಅಂದ ಅಪ್ಪ.

ಲಿವರ್ ಸೋತಾಗ, ಕರುಳಿನಾಗ ಹುಟ್ಟೋ ಅಮೋನಿಯಾದಂಥ ವಿಷ ಶುದ್ಧ ಆಗದೇ ಮೆದುಳಿಗೆ ಹೋಗ್ತದ. ಹೆಪಾಟಿಕ್ ಎನ್ಸೆಫಲೋಪತಿ ಅಂತ ಅದರ ಹೆಸರು. ಮಲ ಕಟ್ಟಿದ್ರ ಅದು ಜೋರಾಗ್ತದ. ಆ ಸಿಹಿ ಸಿರಪ್ ಇದ್ದದ್ದೇ ಇದಕ್ಕ. ಹಗಲು ನಿದ್ದಿ, ರಾತ್ರಿ ಎಚ್ಚರ, ಲೆಕ್ಕ ತಪ್ಪೋದು, ಅಕ್ಷರ ಕೆಡೋದು ಇವೇ ಅದರ ಮೊದಲ ಸುಳಿವು.

ಮೂರನೇ ದಿನ ಬೆಳಿಗ್ಗೆ ಅವ್ವ ಕಣ್ಣು ತೆಗೆದು "ಅಂಗಡಿ ಯಾರು ತೆಗದಾರ?" ಅಂದ್ಲು. ಅಪ್ಪ ಹೊರಗ ಹೋಗಿ ಗ್ವಾಡಿಗೆ ಮುಖ ಮಾಡಿ ನಿಂತ.

6/9

ಡಿಸ್ಚಾರ್ಜ್ ಆಗೋ ಮುಂದ ಡಾಕ್ಟರ್ "ಏನೇನು ಗುಳಿಗಿ ತಗೋತಾರ, ಎಲ್ಲಾ ತೋರ್ಸ್ರಿ" ಅಂದ್ರು. ನಾನು ಚಿಗವ್ವನ ಸ್ಟ್ರಿಪ್ ಟೇಬಲ್ ಮ್ಯಾಲೆ ಇಟ್ಟೆ. ಜೊತಿಗೆ ಆ ರಿಪೋರ್ಟ್. ಬೈತಾರ ಅನ್ಕೊಂಡಿದ್ದೆ, ಬೈಯಲಿಲ್ಲ. "ನೀವು ಮಾನ್ವಿ ಕಡೆಯವರಾ? ರೈಸ್ ಮಿಲ್ ನೋಡೀರೇನು?" ಅಂತ ಕೇಳಿದ್ರು.

ಆಮ್ಯಾಲೆ ಚೀಟಿ ಹಿಂದ ಬರೆದು ತೋರಿಸಿದ್ದು ಇದು. ಫೋಟೋದಾಗ ಅವರ ಬರಹ ಅರ್ಥ ಆಗಂಗಿಲ್ಲ, ನಾನೇ ಹೇಳ್ತೀನಿ.

ಕುತ್ತಿಗಿ ಮುಂದ ಇರೋ ಥೈರಾಯ್ಡ್ ಗ್ರಂಥಿ ಅಂದ್ರ ಹೊಲ. ಅಲ್ಲಿ ಬೆಳೆಯೋದು ಹೆಚ್ಚಾಗಿ ಭತ್ತ, ಅದು ಟಿ4. ಆದ್ರ ಭತ್ತ ಹಂಗೇ ತಿನ್ನಾಕ ಬರಂಗಿಲ್ಲ. ದೇಹದ ಜೀವಕೋಶಗಳಿಗೆ ಬೇಕಾದ ಅಕ್ಕಿ ಅಂದ್ರ ಟಿ3. ಅದರಾಗ ಸುಮಾರು ನೂರಕ್ಕ 20 ಪಾಲು ಮಾತ್ರ ಗ್ರಂಥಿಯಿಂದ ನೇರ ಬರ್ತದ. ಉಳಿದ 80 ಪಾಲು ಹೊರಗ, ಟಿ4ನಿಂದ ಒಂದು ಅಯೋಡಿನ್ ಕಳಚಿ ತಯಾರಾಗ್ತದ. ಈ ಕೆಲಸ ಮಾಡೋ ಮಿಲ್ಲುಗಳಾಗ ದೊಡ್ಡದೊಂದು ಲಿವರ್. ಕಿಡ್ನಿ, ಸ್ನಾಯುಗಳಂಥ ಬೇರೆ ಮಿಲ್ಲೂ ಅದಾವ.

ಇನ್ನ ಸಾಗಾಟ. ರಕ್ತದಾಗ ಟಿ4 ಒಂಟಿಯಾಗಿ ಅಡ್ಡಾಡಂಗಿಲ್ಲ. ನೂರಕ್ಕ 99ಕ್ಕಿಂತ ಹೆಚ್ಚು ಪಾಲು ಲಾರಿ ಮ್ಯಾಲೆ ಇರ್ತದ. ಲಾರಿ ಅಂದ್ರ ಕೆಲವು ಪ್ರೋಟೀನುಗಳು, ಆಲ್ಬುಮಿನ್ ಅವುಗಳಾಗ ಒಂದು. ಆ ಲಾರಿಗಳನ್ನ ತಯಾರು ಮಾಡೋದೂ ಲಿವರೇ.

ಟಿಎಸ್‌ಎಚ್ ಅನ್ನೋದು ಹೊಲದಾಗ ಹುಟ್ಟಂಗಿಲ್ಲ. ಅದು ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿ ರೈತಗ ಮಾಡೋ ಫೋನ್: "ಮಾಲು ಸಾಲಂಗಿಲ್ಲ, ಇನ್ನಷ್ಟು ಬೆಳಿ" ಅಂತ. ಹೊಲ ಖರೇನೇ ಒಣಗಿದ್ರ ಫೋನ್ ಮ್ಯಾಲೆ ಫೋನ್ ಬರ್ತದ, ಟಿಎಸ್‌ಎಚ್ ಹತ್ತು, ಇಪ್ಪತ್ತು, ಐವತ್ತು ಅಂತ ಏರ್ತದ.

"ಈಗ ಹೇಳವ್ವಾ," ಅಂದ್ರು ಡಾಕ್ಟರ್, "ಮಿಲ್ ಕೆಟ್ಟೈತಿ, ಲಾರಿ ಕಮ್ಮಿ ಆಗ್ಯಾವ. ಬಜಾರದಾಗ ಅಕ್ಕಿ ಇಲ್ಲ. ಇದರಾಗ ಹೊಲದ್ದೇನು ತಪ್ಪು?"

7/9

ಅವ್ವನ ರಿಪೋರ್ಟನ್ನ ಅವರು ಮತ್ತೊಮ್ಮೆ ನನ್ನ ಕೈಲೇ ಓದಿಸಿದ್ರು.

ಟಿ3 ಕಮ್ಮಿ: ಲಿವರ್ ಅನ್ನೋ ಮಿಲ್ ಸೋತೈತಿ. ಸಿರೋಸಿಸ್ ಇರೋರಾಗ ಎಲ್ಲಕ್ಕಿಂತ ಹೆಚ್ಚಾಗಿ ಕಾಣೋ ಬದಲಾವಣೆ ಇದೇ. ಅಷ್ಟೇ ಅಲ್ಲ, ಕೆಲವು ಟಿ4 ತಪ್ಪು ದಾರಿ ಹಿಡಿದು ರಿವರ್ಸ್ ಟಿ3 ಆಗ್ತದ. ಅದು ಅಕ್ಕಿ ಅಲ್ಲ, ಹೊಟ್ಟು. ಕೆಲಸಕ್ಕ ಬರಂಗಿಲ್ಲ.

ಒಟ್ಟು ಟಿ4 ಸ್ವಲ್ಪ ಕಮ್ಮಿ: ಲಾರಿ ಕಮ್ಮಿ ಆದ್ರ ರಸ್ತೆ ಮ್ಯಾಲಿನ ಮಾಲಿನ ಲೆಕ್ಕಾನೂ ಕಮ್ಮಿ ಕಾಣ್ತದ. ಅಂಗಡಿಗೆ ಇಳಿದ ಮಾಲು ಎಷ್ಟು ಅಂತ ನೋಡಬೇಕಂದ್ರ ಫ್ರೀ ಟಿ4 ಅನ್ನೋ ಬೇರೆ ಪರೀಕ್ಷೆ ಬೇಕು. ನಮ್ಮ ಆಫರ್ ಪ್ಯಾಕೇಜಿನಾಗ ಅದು ಇರಲಿಲ್ಲ. ಆದ್ರ ಲಾರಿ ಕಮ್ಮಿ ಅನ್ನೋ ಸುಳಿವು ಅದೇ ರಿಪೋರ್ಟಿನಾಗ ಇತ್ತು: ಆಲ್ಬುಮಿನ್ 2.6. ಇರಬೇಕಾದದ್ದು 3.5ಕ್ಕಿಂತ ಮ್ಯಾಲೆ. ಅದು ಲಿವರ್ ಪುಟದಾಗಿತ್ತು. ನಾನು ದಾಟಿಸಿದ್ದ ಪುಟ.

ಟಿಎಸ್‌ಎಚ್ 4.6: ಮಿತಿಗಿಂತ ಒಂದು ಕೂದಲೆಳೆ ಮ್ಯಾಲೆ. ದೀರ್ಘ ಕಾಯಿಲೆ ಇರೋರಾಗ ಹಿಂಗ ಸ್ವಲ್ಪ ಅತ್ತಿತ್ತ ಆಗ್ತದ. ಹೊಲ ಒಣಗಿದಾಗಿನ ಫೋನ್ ಇದಲ್ಲ.

ಥೈರಾಯ್ಡ್ ಗ್ರಂಥಿ ಸರಿ ಇದ್ದೂ ಬೇರೆ ಕಾಯಿಲೆಯಿಂದ ಅಂಕಿ ಕೆಡೋದಕ್ಕ ಡಾಕ್ಟರುಗಳು ಸಿಕ್ ಯೂಥೈರಾಯ್ಡ್ ಅಂತಾರ. ಲಿವರಿಗಷ್ಟೇ ಅಲ್ಲ, ದೊಡ್ಡ ಸೋಂಕು, ಕಿಡ್ನಿ ರೋಗ, ಉಪವಾಸದಾಗೂ ಟಿ3 ಇಳಿತದ. ಕಷ್ಟಕಾಲದಾಗ ದೇಹ ಖರ್ಚು ಕಮ್ಮಿ ಮಾಡ್ಕೊಳ್ಳೋ ರೀತಿ ಇದು ಅಂತ ಹೇಳೋರೂ ಅದಾರ. ಟಿ3 ಕಮ್ಮಿ ಐತಿ ಅನ್ನೋ ಒಂದೇ ಕಾರಣಕ್ಕ ಹಾರ್ಮೋನ್ ಕೊಟ್ರ ಲಾಭ ಅಂತ ಸಾಬೀತಾಗಿಲ್ಲ. ಬದಲಿಗೆ ಎದಿ ಬಡಿತ ಏರೋದು, ಲಯ ತಪ್ಪೋದು ಆಗಬಹುದು. ಅವ್ವನ ಎದಿ ಡವಡವ ಅಂದದ್ದು ಗುಳಿಗಿಯಿಂದಾನೋ, ನಿದ್ದಿ ಇಲ್ಲದ್ದಕ್ಕೋ ಖಚಿತ ಹೇಳಾಕ ಬರಂಗಿಲ್ಲ ಅಂದ್ರು.

ಗುಳಿಗಿ ಬಿಡಿಸಿ, ಆರು ವಾರ ಬಿಟ್ಟು ಮತ್ತ ಪರೀಕ್ಷೆ ಮಾಡ್ಸಿದ್ರು. ಟಿಎಸ್‌ಎಚ್ ನೆಲಿ ನಿಲ್ಲಾಕ ಅಷ್ಟು ದಿನ ಬೇಕು. ಟಿಎಸ್‌ಎಚ್ 3.2. ಫ್ರೀ ಟಿ4 1.1, ಮಿತಿಯ ಒಳಗ. ಟಿ3 ಮಾತ್ರ ಇನ್ನೂ ಕಮ್ಮಿ.

ಆ ಕಮ್ಮಿ ಬಗ್ಗೆ ಕೇಳಿದಾಗ ಅವರು ಹೇಳಿದ್ದು ನನಗ ಇವತ್ತಿಗೂ ಚುಚ್ತದ. ಸಿರೋಸಿಸ್ ಎಷ್ಟು ಮುಂದುವರೆದಿರ್ತದೋ ಟಿ3 ಅಷ್ಟು ಇಳಿಯೋ ಸಾಧ್ಯತೆ ಹೆಚ್ಚು. ಅಂದ್ರ ಆ 'ಎಲ್' ಸುಳ್ಳು ಹೇಳಿರಲಿಲ್ಲ. ಅದು ಥೈರಾಯ್ಡ್ ಪುಟದಾಗ ಕುಂತು ಲಿವರ್ ಬಗ್ಗೆ ಹೇಳಾಕತ್ತಿತ್ತು. ನಾನು ಅದನ್ನ ಉಲ್ಟಾ ಓದಿ, "ಲಿವರ್ ಅಲ್ಲದೇ ಇರಬಹುದು" ಅಂತ ಅವ್ವಗ ಹೇಳಿದ್ದೆ.

8/9

ಇದನ್ನ ಓದಿ "ಹಂಗಾರ ಲಿವರ್ ಇದ್ದವರು ಥೈರಾಯ್ಡ್ ತಲಿ ಕೆಡಿಸ್ಕೋಬಾರದು" ಅನ್ಕೊಂಡ್ರ ಅದೂ ತಪ್ಪು. ಎರಡೂ ಒಬ್ಬರಿಗೇ ಇರಬಹುದು.

ದೇಹದ ರಕ್ಷಣಾ ವ್ಯವಸ್ಥೆ ಲಿವರನ್ನ ಅಥವಾ ಪಿತ್ತನಾಳವನ್ನ ಹೊಡಿಯೋ ರೋಗ ಇದ್ದವರಾಗ, ಅದೇ ಥರ ಥೈರಾಯ್ಡ್ ಮ್ಯಾಲೂ ದಾಳಿ ಆಗೋದು ಹೆಚ್ಚು. ಹಿಂದ ಹೆಪಟೈಟಿಸ್ ಸಿ ರೋಗಕ್ಕ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡ್ತಿದ್ದಾಗ ಕೆಲವರ ಥೈರಾಯ್ಡ್ ಕೆಡ್ತಿತ್ತು. ಈಗ ಅದಕ್ಕ ಬಾಯಿಂದ ತಗೊಳ್ಳೋ ಗುಳಿಗಿ ಬಂದಾವ. ಖರೇ ಥೈರಾಯ್ಡ್ ರೋಗ ಇದ್ದು ಚಿಕಿತ್ಸೆ ಕೊಡದೇ ಬಿಟ್ರ, ಮಲಬದ್ಧತೆ, ಮಂಪರು ಎರಡೂ ಹೆಚ್ಚಾಗಿ ಲಿವರ್ ರೋಗಿಯ ಸ್ಥಿತಿ ಬಿಗಡಾಯಿಸಬಹುದು. ಲಿವರ್ ರೋಗದಾಗ ಮೈ ತುರಿಕಿಗೆ ಕೊಡೋ ಕೊಲೆಸ್ಟೈರಮೀನ್ ಅನ್ನೋ ಪುಡಿ ಹೊಟ್ಯಾಗ ಥೈರಾಯ್ಡ್ ಗುಳಿಗಿಯನ್ನ ಹಿಡಿದಿಟ್ಕೊಂಡು ರಕ್ತಕ್ಕ ಸೇರದಂಗ ಮಾಡ್ತದ. ಎರಡೂ ತಗೊಳ್ಳೋರು ಡಾಕ್ಟರ್ ಹೇಳಿದಷ್ಟು ತಾಸು ನಡುವೆ ಅಂತರ ಇಡಬೇಕು.

ಉಲ್ಟಾ ದಾರಿನೂ ಐತಿ. ಥೈರಾಯ್ಡ್ ಕಮ್ಮಿ ಇದ್ದವರಾಗ ಲಿವರಿನಾಗ ಕೊಬ್ಬು ತುಂಬೋದು ಹೆಚ್ಚು ಕಾಣ್ತದ. ಚಿಗವ್ವ ದಿನ ಬಿಟ್ಟು ದಿನ ಗುಳಿಗಿ ತಗೊಂಡ ಸುದ್ದಿ ಕೇಳಿ ಆಕಿನ್ನೂ ಕರ್ಕೊಂಡು ಹೋದ್ವಿ. ಟಿಎಸ್‌ಎಚ್ 11 ದಾಟಿತ್ತು. ಸ್ಕ್ಯಾನ್‌ನಾಗ ಫ್ಯಾಟಿ ಲಿವರ್ ಬಂತು. ಇನ್ನೂ ಶುರುವಿನ ಹಂತ. ಒಂದು ಡಬ್ಬಿ ಗುಳಿಗಿ ಹಂಚಿಕೊಂಡು ಅಕ್ಕ-ತಂಗಿ ಇಬ್ಬರೂ ಕೆಟ್ಟಿದ್ರು: ಒಬ್ಬಾಕಿಗೆ ಬ್ಯಾಡಾಗಿತ್ತು, ಇನ್ನೊಬ್ಬಾಕಿಗೆ ಸಾಲಲಿಲ್ಲ.

ಈ ಎರಡು ಅಂಗಗಳ ನಂಟು ಎಷ್ಟು ಗಟ್ಟಿ ಅಂದ್ರ, 2024ರ ಮಾರ್ಚಿನಾಗ ಅಮೆರಿಕ ಒಪ್ಪಿಗೆ ಕೊಟ್ಟ ರೆಸ್ಮೆಟಿರೋಮ್ ಅನ್ನೋ ಔಷಧಿ, ಲಿವರಿನಾಗಿರೋ ಥೈರಾಯ್ಡ್ ಹಾರ್ಮೋನಿನ ಬಾಗಿಲನ್ನೇ ತಟ್ಟಿ ಕೊಬ್ಬು ಇಳಿಸ್ತದ. ಕೊಬ್ಬಿನಿಂದ ಲಿವರಿಗೆ ಉರಿಯೂತ ಬಂದು ನಾರು ಬೆಳೆದವರಿಗೆ, ಸಿರೋಸಿಸ್ ಆಗೋಕ್ಕಿಂತ ಮೊದಲಿನ ಹಂತಕ್ಕ ಅದು. ಚಿಗವ್ವನ ಕಿಟಕಿ ಮ್ಯಾಲಿನ ಗುಳಿಗಿಗೂ ಅದಕ್ಕೂ ಸಂಬಂಧ ಇಲ್ಲ. "ಥೈರಾಯ್ಡ್ ಗುಳಿಗಿ ಲಿವರಿಗೆ ಒಳ್ಳೇದಂತ" ಅಂತ ಯಾರಾದ್ರೂ ಫಾರ್ವರ್ಡ್ ಕಳಿಸಿದ್ರ ನಂಬಬ್ಯಾಡ್ರಿ.

9/9

ಕೊನೆ ಫೋಟೋ. ಮತ್ತ ಉದ್ರಿ ಪುಸ್ತಕ, ಈ ವಾರದ್ದು.

ಕೊನೆ ಪುಟದಾಗ ಅವ್ವ ದಿನಾ ತನ್ನ ಹೆಸರು ಬರೀತಾಳ, ಪಕ್ಕದಾಗ ತಾರೀಖು. ಅದರ ಮುಂದ ಒಂದೆರಡು ಗೆರಿ ಹಾಕ್ತಾಳ. ಅದು ಮೋಶನ್ ಲೆಕ್ಕ. ದಿನಕ್ಕ ಎರಡು ಮೂರು ಸಲ ಮೆತ್ತಗ ಆಗಬೇಕು, ಅದಕ್ಕ ತಕ್ಕಂಗ ಸಿರಪ್ ಹೆಚ್ಚು ಕಮ್ಮಿ. ಗೆರಿ ಕಮ್ಮಿ ಆದ್ರ, ಇಲ್ಲಾ ಅಕ್ಷರ ಜಾರಿದ್ರ, ಅಪ್ಪ ಫೋಟೋ ತೆಗೆದು ನನಗೂ ಡಾಕ್ಟರಿಗೂ ಕಳಿಸ್ತಾನ. ಅಂಗಡಿ ಹಿಂದ ಒಂದು ಬಾಥ್‌ರೂಮ್ ಕಟ್ಟಿಸಿದ್ವಿ. ನಾಚಿಕಿ ಅನ್ನೋದು ಇಷ್ಟು ಸಣ್ಣ ಖರ್ಚಿನಾಗ ಮುಗಿತಿತ್ತು ಅಂತ ಮೊದಲಾ ಹೊಳಿಲಿಲ್ಲ.

ಅವ್ವ ವಾಸಿ ಆಗ್ಯಾಳ ಅಂತ ಹೇಳಾಕ ನನಗೂ ಆಸೆ. ಸಿರೋಸಿಸ್ ಹಂಗ ಹೋಗಂಗಿಲ್ಲ. ಮುಂದಿನ ಪರೀಕ್ಷೆಗೆ ಹೈದರಾಬಾದಿಗೆ ಹೋಗ್ಬೇಕು. ನಮ್ಮ ಜಿಲ್ಲೆಯವರಿಗೆ ದೊಡ್ಡ ರೋಗ ಅಂದ್ರ ರೈಲು ಹತ್ತೋದೇ. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರಿಂದ ಧರಣಿ ಕುಂತವರನ್ನ ನೋಡಿ ನಾನೂ ಎಷ್ಟೋ ಸಲ ಸುಮ್ಮನೆ ಹಾದು ಹೋಗೀನಿ. ಈಗ ಹಾದು ಹೋಗುವಾಗ ಕಾಲು ನಿಧಾನ ಆಗ್ತಾವ.

ನಮ್ಮ ವಯಸ್ಸಿನವರೇ ಈಗ ಮನ್ಯಾಗ ರಿಪೋರ್ಟ್ ಓದೋರು. ಹಂಗಂತ ಇಷ್ಟು ಬರೆದಿಟ್ಕೊಳ್ರಿ:

ಲಿವರ್ ರೋಗ ಇರೋರ ಥೈರಾಯ್ಡ್ ರಿಪೋರ್ಟ್ ಬಂದ್ರ, ಟಿ3 ಒಂದನ್ನೇ ನೋಡಿ ನಿರ್ಧಾರ ಮಾಡಬ್ಯಾಡ್ರಿ. ಟಿಎಸ್‌ಎಚ್ ಮತ್ತು ಫ್ರೀ ಟಿ4 ಎಷ್ಟು ಅಂತ ಡಾಕ್ಟರಿಗೆ ಕೇಳ್ರಿ. ಆಲ್ಬುಮಿನ್ ಎಷ್ಟೈತಿ ನೋಡ್ರಿ. ಕೂದಲಿಗೆ ಅಂತ ಬಯೋಟಿನ್ ಗುಳಿಗಿ ತಗೋತಿದ್ರ ರಕ್ತ ಕೊಡೋ ಮುಂಚೆ ಹೇಳ್ರಿ, ಅದು ಥೈರಾಯ್ಡ್ ಪರೀಕ್ಷೆಯ ಅಂಕಿನೇ ತಪ್ಪಿಸಬಹುದು. ಒಬ್ಬರ ಗುಳಿಗಿ ಇನ್ನೊಬ್ಬರಿಗೆ ಕೊಡಬ್ಯಾಡ್ರಿ, ಅದು ಸ್ವಂತ ತಂಗಿದ್ದೇ ಆಗಿರಲಿ. ಡಾಕ್ಟರ್ ಬರೆದ ಗುಳಿಗಿ, ಇಲ್ಲಾ ಆ ಸಿರಪ್, ನೀವಾಗೇ ನಿಲ್ಲಿಸಬ್ಯಾಡ್ರಿ. ಮಾತು ತೊದಲಿದ್ರ, ಹಗಲು-ರಾತ್ರಿ ಅದಲು ಬದಲಾದ್ರ, ಲೆಕ್ಕ ತಪ್ಪಿದ್ರ, ಮೂರು ವಾರದ ಅಪಾಯಿಂಟ್‌ಮೆಂಟ್ ಕಾಯಬ್ಯಾಡ್ರಿ, ಅವತ್ತೇ ಆಸ್ಪತ್ರಿಗೆ ಹೋಗ್ರಿ.

ಎಲ್ಲಾ ಲಕ್ಷಣ ಹೊಂದಿದಾಗ ಖುಷಿ ಆಗ್ತದಲ್ಲ, ಆ ಖುಷಿ ಬಗ್ಗೆ ಹುಷಾರು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ್ರೂ ಒಳಗ ತಪ್ಪು ಇರಬಹುದು ಅಂತ ನಮಗ ಫಸ್ಟ್ ಸೆಮಿಸ್ಟರಿನಾಗೇ ಹೇಳಿಕೊಟ್ಟಿದ್ರು. ನಾನು ಪರೀಕ್ಷೆಗೆ ಬರೆದು ಮಾರ್ಕ್ಸ್ ತಗೊಂಡು ಮರೆತಿದ್ದೆ.

ನಿನ್ನೆ ಓಣ್ಯಾಗ ಯಾರೋ ಅವ್ವಗ "ಏನಾಗಿತ್ರಿ ನಿಮಗ?" ಅಂತ ಕೇಳಿದ್ರು. ಅವ್ವ ಚಿಲ್ಲರೆ ಎಣಿಸ್ತಾ, ತಲಿ ಎತ್ತದೇ ಹೇಳಿದ್ಲಂತ: "ಲಿವರ್ ಕೆಟ್ಟೈತಿ. ಕುಡಿದಿಲ್ಲ. ಸಕ್ಕರಿ ಇದ್ದವರು ನೀವೂ ಒಮ್ಮೆ ತೋರಿಸ್ಕೊಳ್ರಿ."

ಇದನ್ನ ಪೋಸ್ಟ್ ಮಾಡಾಕ ಒಪ್ಪಿಗಿ ಕೊಟ್ಟಾಕಿನೂ ಅವ್ವನೇ.

#ರಾಯಚೂರು #ದೇವದುರ್ಗ #ಮಾನ್ವಿ #ಲಿವರ್ #ಥೈರಾಯ್ಡ್ #ಅವ್ವನಪುಸ್ತಕ